ಮನೆಗೆ ಮರಳಿದ ಮೇಲೆ

ಕ್ಯಾನ್ಸರಿನ ಚಿಕಿತ್ಸೆ ಮುಗಿಯಿತೆಂದು ವೈದ್ಯರು ಕಳುಹಿಸಿಕೊಟ್ಟ ದಿನ ಮನೆಮಂದಿಯೆಲ್ಲ ನೆಮ್ಮದಿಯ ಉಸಿರು ಬಿಡುತ್ತಾರೆ. ರೋಗಿಯ ಪಾಲಿಗಾದರೋ ಇನ್ನೊಂದು ದೀರ್ಘ ಶ್ರಮವು ಅಂದಿನಿಂದ ಆರಂಭವಾಗುತ್ತದೆ. ತಂಬಾಕು, ಗುಟ್ಕಾ, ಅಡಿಕೆಗಳ ದೆಸೆಯಿಂದ ನಮ್ಮ ನಾಡಿನಲ್ಲಿ ಬಾಯಿಯ ಕ್ಯಾನ್ಸರ್ ಬಹಳ. ಆದಕಾರಣ ಶರಣ ಬಂಧುಗಳೇ, ಬಾಯಿ ಕುತ್ತಿಗೆಗಳಿಗೆ ವಿಕಿರಣ ಚಿಕಿತ್ಸೆ ಪಡೆದು ಬಂದವರ ಆರೈಕೆಯನ್ನಷ್ಟೇ ಈ ಸಲ ವಿಚಾರಿಸೋಣ.

ವಿಕಿರಣದಿಂದ ಜೊಲ್ಲು ಬತ್ತುತ್ತದೆ, ದವಡೆಯ ಸ್ನಾಯುಗಳು ಬಿಗಿಯುತ್ತವೆ. ಮೂರು ಬೆರಳು ಹಿಡಿಯುತ್ತಿದ್ದ ಬಾಯಿ ಎರಡಕ್ಕೆ, ಒಂದಕ್ಕೆ ಇಳಿಯುತ್ತದೆ. ಈ ಬಿಗಿತವು ತಿಂಗಳುಗಟ್ಟಲೆ ಸದ್ದಿಲ್ಲದೆ ಬೆಳೆಯುವಂಥದು. ಗಟ್ಟಿಯಾದ ಮೇಲೆ ಬಿಡಿಸುವುದು ಕಠಿಣ. ಆಸ್ಪತ್ರೆಯಲ್ಲಿ ಕಲಿಸಿದ ಬಾಯಿ ತೆರೆಯುವ ವ್ಯಾಯಾಮವನ್ನು ದಿನಕ್ಕೆ ಹಲವು ಬಾರಿ ಮಾಡಲೇಬೇಕು. ನೋವಿಗೆ ಅಂಜಿ ರೋಗಿಯು ತಪ್ಪಿಸುತ್ತಾನೆ. ತಾಯಿ ಮಡದಿಯರು ಮರುಗಿ ಸುಮ್ಮನಾಗುತ್ತಾರೆ. ಈ ಮರುಕ ಹಿತವಲ್ಲ. ಪಕ್ಕದಲ್ಲಿ ಕುಳಿತು ಮಾಡಿಸಬೇಕು. ವಾರಕ್ಕೊಮ್ಮೆ ಅವರ ಬೆರಳಿನಿಂದಲೇ ಅಳೆಯಿಸಿ, ಕಡಿಮೆಯಾಗಿದ್ದರೆ ಮುಂದಿನ ತಪಾಸಣೆಗೆ ಕಾಯದೆ ವೈದ್ಯರಿಗೆ ತಿಳಿಸಬೇಕು.

ಊಟದ ಮಾತು ಇನ್ನೂ ಸೂಕ್ಷ್ಮ. ಖಡಕ್ ರೊಟ್ಟಿ, ಖಾರದ ಚಟ್ನಿಗಳು ಆ ಬಾಯಿಗೆ ಬೆಂಕಿ. ಹಾಲಿನಲ್ಲಿಯೋ ತೊವ್ವೆಯಲ್ಲಿಯೋ ನೆನೆದ ರೊಟ್ಟಿ, ಜೋಳದ ನುಚ್ಚು, ಮೆತ್ತಗೆ ಬೆಂದ ಹೆಸರುಬೇಳೆ, ಮೊಸರು, ತುಪ್ಪ ಇವುಗಳನ್ನು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದಾರು ಸಲ ಕೊಡಬಹುದು. ನುಂಗುವಾಗ ಕೆಮ್ಮು ಬಂದರೆ, ತೂಕ ಇಳಿಯುತ್ತಿದ್ದರೆ ಅದನ್ನು ಉಪೇಕ್ಷಿಸಲಾಗದು. ಇನ್ನು ಮದುವೆಯ ಪಂಕ್ತಿಯಲ್ಲಿ "ಒಂದಾದರೂ ಹೋಳಿಗೆ ತಿನ್ನಿರಿ" ಎಂದು ಅಂಥವರನ್ನು ಒತ್ತಾಯಿಸುವುದು ಉಪಚಾರವಲ್ಲ, ಹಿಂಸೆ. ಬಾಯಿಂದ ಅನ್ನ ಜಾರೀತೆಂಬ ಸಂಕೋಚದಿಂದ ಪಂಕ್ತಿಯನ್ನೇ ತೊರೆದವರನ್ನು ನಾನು ಬಲ್ಲೆನು. ಮನೆಯವರೊಬ್ಬರು ಅವರ ಸರಿಸಮನಾಗಿ ಕುಳಿತು, ಅದೇ ಮೆತ್ತನೆಯ ಅನ್ನವನ್ನು ಅಷ್ಟೇ ನಿಧಾನವಾಗಿ ಉಂಡರೆ ಅವರು ಮರಳಿ ಬಂದಾರು.

ಜೊಲ್ಲಿಲ್ಲದ ಬಾಯಲ್ಲಿ ಹಲ್ಲು ಬೇಗ ಹುಳುಕುತ್ತದೆ. ಹಾಗೆಂದು ಊರ ದಂತವೈದ್ಯರ ಬಳಿ ಕೀಳಿಸಲು ಅವಸರಪಡಬಾರದು. ವಿಕಿರಣ ತಾಗಿದ ದವಡೆಯ ಹಲ್ಲು ಕಿತ್ತರೆ ಗಾಯ ಮಾಯದೆ ಎಲುಬೇ ನಶಿಸಬಹುದು. ವರ್ಷಗಳು ಕಳೆದರೂ ಈ ಅಪಾಯ ತಪ್ಪದು. ಮೊದಲು ಕ್ಯಾನ್ಸರ್ ವೈದ್ಯರನ್ನು ಕೇಳಬೇಕು. ಕುತ್ತಿಗೆಗೆ ವಿಕಿರಣವಾಗಿದ್ದವರಿಗೆ 6ರಿಂದ 12 ತಿಂಗಳಿಗೊಮ್ಮೆ ಥೈರಾಯ್ಡ್ ರಕ್ತಪರೀಕ್ಷೆಯೂ ಅಗತ್ಯ. ಅವರ ಆಯಾಸವನ್ನು ಸೋಮಾರಿತನವೆಂದು ಹಳಿಯುವವರು ಇದನ್ನು ಗಮನಿಸಲಿ.

ಸುಗ್ಗಿಯ ನೆಪದಿಂದಲೋ ಖರ್ಚಿನ ಭಯದಿಂದಲೋ ತಪಾಸಣೆಯನ್ನು ಬಿಡುವವರು ಅನೇಕರು. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಆಸ್ಪತ್ರೆಗೆ ದೂರದ ಜಿಲ್ಲೆಗಳವರು ಇಂದಿಗೂ ರಾತ್ರಿಯೆಲ್ಲ ಪಯಣಿಸುತ್ತಾರೆ. ತಪಾಸಣೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಪೂರ್ಣ ರಿಯಾಯಿತಿಯೂ ಜೊತೆಗಾರರಿಗೆ ಶೇಕಡಾ 75 ರಿಯಾಯಿತಿಯೂ ಉಂಟು. ಆಸ್ಪತ್ರೆಯಿಂದ ಅದರ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು.

ರೋಗಿಯು ತಂಬಾಕು ಬಿಟ್ಟರೂ ಮನೆಯ ಹಿರಿಯರ ಎಲೆಅಡಿಕೆಯ ಚಂಚಿ ಗೂಡಿನಲ್ಲಿಯೇ ಇರುತ್ತದೆ. ಅದನ್ನು ಮನೆಯಿಂದ ಹೊರಹಾಕಿರಿ. ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರಿಗೆ ಕಾರಣವೇ.