ಹೆಸರು ಹೇಳಿದ್ದು ಸಾಕು, ಸ್ಟಿಕ್ ಹಿಡಿಯೋಣ

ನವೆಂಬರ್ ಬಂತೆಂದರೆ ಅಮೆರಿಕದ ಕನ್ನಡ ವಿದ್ಯಾರ್ಥಿ ಸಂಘಗಳ ರಾಜ್ಯೋತ್ಸವದಲ್ಲಿ ಒಂದು ಸ್ಲೈಡ್ ಶೋ ಇದ್ದೇ ಇರುತ್ತದೆ. ಜ್ಞಾನಪೀಠದ ಸಾಹಿತಿಗಳು, ವಿಜ್ಞಾನಿಗಳು, ಅಣ್ಣಾವ್ರು, ಕುಂಬ್ಳೆ, ದ್ರಾವಿಡ್. ಕೊಡಗಿನ ಸರದಿ ಬಂದಾಗ ಕಾರ್ಯಪ್ಪ, ತಿಮ್ಮಯ್ಯ, ಕಾಫಿ ತೋಟ, ಕಡೆಗೆ ಒಂದು ಸಾಲು: 'ಭಾರತೀಯ ಹಾಕಿಯ ತೊಟ್ಟಿಲು'. ಚಪ್ಪಾಳೆ ಬೀಳುತ್ತೆ, ಮುಂದಿನ ಸ್ಲೈಡ್ ಬರುತ್ತೆ. ಆ ತೊಟ್ಟಿಲನ್ನ ಕಟ್ಟಿದ್ದು ಯಾರು, ತೂಗಿದ್ದು ಯಾರು, ಈಗ ಅದರಲ್ಲಿ ಮಗು ಇದೆಯಾ ಅಂತ ಯಾರೂ ಕೇಳಲ್ಲ. ಈ ಲೇಖನದಲ್ಲಿ ಅದನ್ನೇ ಕೇಳೋಣ ಅಂತಿದ್ದೇವೆ. ಕೇಳುವುದಕ್ಕೆ ಕಾರಣವೂ ಇದೆ. 2028ರ ಒಲಿಂಪಿಕ್ಸ್ ಲಾಸ್ ಏಂಜಲೀಸ್‌ನಲ್ಲಿ, ಅಂದರೆ ನಾವು ಓದುತ್ತಿರುವ ಇದೇ ದೇಶದಲ್ಲಿ.

ಮೊದಲು ಹೆಸರುಗಳನ್ನ ಸರಿಯಾಗಿ ಹೇಳಿಬಿಡೋಣ. 2011ರ ಜನಗಣತಿಯ ಪ್ರಕಾರ ಕೊಡಗಿನ ಜನಸಂಖ್ಯೆ ಸುಮಾರು 5.5 ಲಕ್ಷ. ಬೆಂಗಳೂರಿನ ಕೆಲವೇ ಬಡಾವಣೆಗಳಲ್ಲಿ ಇದಕ್ಕಿಂತ ಹೆಚ್ಚು ಜನ ಸಿಗುತ್ತಾರೆ. ಇಷ್ಟು ಚಿಕ್ಕ ಜಿಲ್ಲೆಯ ಎಂ.ಪಿ. ಗಣೇಶ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು, 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡಕ್ಕೆ ನಾಯಕರಾದರು. 1975ರಲ್ಲಿ ಭಾರತ ಗೆದ್ದ ಒಂದೇ ಒಂದು ಹಾಕಿ ವಿಶ್ವಕಪ್‌ನ ತಂಡದಲ್ಲಿ ಬಿ.ಪಿ. ಗೋವಿಂದ ಮತ್ತು ಪಿ.ಇ. ಕಾಳಯ್ಯ ಇದ್ದರು. ಎಂ.ಎಂ. ಸೋಮಯ್ಯ 1980ರ ಮಾಸ್ಕೋ ಚಿನ್ನದ ತಂಡದವರು, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನಾಯಕರು. 1992ರ ಬಾರ್ಸಿಲೋನಾ ತಂಡದಲ್ಲಿ ಗೋಲ್‌ಕೀಪರ್ ಎ.ಬಿ. ಸುಬ್ಬಯ್ಯ ಮತ್ತು ಸಿ.ಎಸ್. ಪೂಣಚ್ಚ. 2004ರ ಅಥೆನ್ಸ್‌ನಲ್ಲಿ ಲೆನ್ ಅಯ್ಯಪ್ಪ, ಅರ್ಜುನ್ ಹಾಲಪ್ಪ. 2016ರ ರಿಯೋ ತಂಡದಲ್ಲಂತೂ ನಾಲ್ಕು ಜನ: ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ. ಹಾಲಪ್ಪ ಮತ್ತು ಸುನಿಲ್ ಇಬ್ಬರದ್ದೂ ಸೋಮವಾರಪೇಟೆ. ಒಂದು ಸಣ್ಣ ಪೇಟೆಯಿಂದ ಇಬ್ಬರು ಒಲಿಂಪಿಯನ್‌ಗಳು!

ಇದೆಲ್ಲ ಹೇಗಾಯಿತು? ಸಾಮಾನ್ಯವಾಗಿ ಸಿಗುವ ಉತ್ತರ, 'ಅವರ ರಕ್ತದಲ್ಲೇ ಇದೆ ಬಿಡಿ'. ನಮಗೆ ಈ ಉತ್ತರ ಇಷ್ಟವಿಲ್ಲ. ಕೇಳೋಕೆ ಹೊಗಳಿಕೆ ಥರ ಇದ್ದರೂ, ದುಡಿದವರ ದುಡಿಮೆಯನ್ನ ಅದು ಮುಚ್ಚಿಹಾಕುತ್ತೆ. ನಾವು ಎಂಜಿನಿಯರಿಂಗ್ ಓದಿದವರು, ಫಲಿತಾಂಶ ಕಂಡರೆ ಅದರ ಹಿಂದಿನ ವ್ಯವಸ್ಥೆ ಯಾವುದು ಅಂತ ಹುಡುಕಬೇಕು. ಕೊಡಗಿನ ವ್ಯವಸ್ಥೆಗೆ ಎರಡು ಭಾಗ ಇವೆ.

ಒಂದನೆಯದು ಅಗಲವಾದ ಅಡಿಪಾಯ. ಕೊಡಗಿನಲ್ಲಿ ಹಾಕಿ ಆಡೋಕೆ ಕ್ಲಬ್ಬಿನ ಸದಸ್ಯತ್ವ ಬೇಕಾಗಿರಲಿಲ್ಲ, ಊರಿನ ಮೈದಾನ ಸಾಕಿತ್ತು. 1997ರಲ್ಲಿ ಇದಕ್ಕೊಂದು ಹೊಸ ರೂಪ ಬಂತು. ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಪಂದ್ಯಾವಳಿ ಶುರು ಮಾಡಿದರು. ಇಲ್ಲಿ ತಂಡ ಅಂದರೆ ಒಕ್ಕ, ಒಂದೇ ಮನೆತನದ ಹೆಸರು ಹೊತ್ತವರು. ಅಜ್ಜ, ಮೊಮ್ಮಗ, ಅತ್ತಿಗೆ, ಮೈದುನ ಎಲ್ಲರೂ ಒಂದೇ ತಂಡದಲ್ಲಿ. ಹೆಂಗಸರೂ ಗಂಡಸರ ಜೊತೆಗೇ ಅದೇ ಮೈದಾನಕ್ಕಿಳಿಯುತ್ತಾರೆ. ಪ್ರತಿ ವರ್ಷ ಒಂದೊಂದು ಒಕ್ಕ ಆತಿಥ್ಯ ವಹಿಸಿಕೊಳ್ಳುತ್ತೆ, ಆ ವರ್ಷದ ಕಪ್ಪಿಗೆ ಆ ಒಕ್ಕದ್ದೇ ಹೆಸರು.

ಮೊದಲ ವರ್ಷ ಬಂದಿದ್ದು 60 ಕುಟುಂಬಗಳು. 2018ರ ಮಳೆಗಾಲದ ಭೂಕುಸಿತ, ಅದರ ಹಿಂದೆಯೇ ಕೋವಿಡ್, ಹೀಗಾಗಿ ನಡುವೆ ನಾಲ್ಕು ವರ್ಷ ಪಂದ್ಯಾವಳಿ ನಿಂತುಹೋಗಿತ್ತು. 2023ರಲ್ಲಿ ಮತ್ತೆ ಶುರುವಾಯಿತು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ಗೆ 360 ಕುಟುಂಬಗಳು ಬಂದು ಗಿನ್ನೆಸ್ ದಾಖಲೆಯಾಯಿತು. ನಾಲ್ಕು ವರ್ಷ ನಿಂತ ಕಾರ್ಯಕ್ರಮ ಎದ್ದು ನಿಲ್ಲುವುದೇ ಕಷ್ಟ. ಇದು ಮೊದಲಿಗಿಂತ ದೊಡ್ಡದಾಗಿ ಎದ್ದಿತು. ಯಾಕೆಂದರೆ ಅದು ಯಾರೋ ಒಬ್ಬ ಅಧ್ಯಕ್ಷರ ಹೆಗಲ ಮೇಲೆ ನಿಂತಿರಲಿಲ್ಲ, ಸರದಿಯ ಮೇಲೆ ನಿಂತಿತ್ತು.

ಎರಡನೆಯದು ಏಣಿ. ಬೇಸಿಗೆಯಲ್ಲಿ ಚೆನ್ನಾಗಿ ಆಡಿದ ಹುಡುಗ ಮಳೆಗಾಲದಲ್ಲಿ ಎಲ್ಲಿಗೆ ಹೋಗಬೇಕು? ಅದಕ್ಕೆ ಕೂಡಿಗೆಯ ಕ್ರೀಡಾಶಾಲೆ ಇದೆ, ಪೊನ್ನಂಪೇಟೆಯ ಕ್ರೀಡಾ ಹಾಸ್ಟೆಲ್ ಇದೆ, ಮಡಿಕೇರಿಯಲ್ಲಿ ಸಾಯ್ ಕೇಂದ್ರ ಇದೆ. ಅಲ್ಲಿಂದ ಮುಂದೆ ಬೆಂಗಳೂರಿನ ಸೇನಾ ತಂಡಗಳು, ರೈಲ್ವೆ, ಬ್ಯಾಂಕು, ತೈಲ ಕಂಪನಿಗಳ ತಂಡಗಳು. ಗಣೇಶ್ ಬೆಳೆದಿದ್ದು ಸೇನೆಯ ತಂಡದಲ್ಲಿ. ಹಾಕಿ ಆಡಿದರೆ ಒಂದು ನೌಕರಿ ಸಿಗುತ್ತೆ ಅನ್ನುವ ನಂಬಿಕೆ ಇದ್ದಿದ್ದರಿಂದಲೇ ಅಪ್ಪ ಅಮ್ಮಂದಿರು 'ಆಡು ಹೋಗು' ಅಂದರು. ಸುನಿಲ್ ಅಂಥವರು ಕೊಡವ ಒಕ್ಕದವರಲ್ಲ. ಅವರನ್ನ ಮೇಲೆತ್ತಿದ್ದು ಊರಿನ ಮೈದಾನ ಮತ್ತು ಈ ಏಣಿ. ಅಡಿಪಾಯ ಎಷ್ಟು ಮುಖ್ಯವೋ ಏಣಿಯೂ ಅಷ್ಟೇ ಮುಖ್ಯ.

ಇನ್ನು ಸ್ಲೈಡಿನಲ್ಲಿ ಬರದ ಮಾತು. ಟೋಕಿಯೊದಲ್ಲಿ ಭಾರತದ ಪುರುಷರ ತಂಡ 41 ವರ್ಷದ ನಂತರ ಒಲಿಂಪಿಕ್ ಪದಕ ಗೆದ್ದಿತು. 2024ರ ಪ್ಯಾರಿಸ್‌ನಲ್ಲಿ ಮತ್ತೆ ಕಂಚು. ನಾವೆಲ್ಲ ಖುಷಿಪಟ್ಟೆವು. ಆದರೆ ಆ ಎರಡೂ ತಂಡಗಳಲ್ಲಿ ಕೊಡಗಿನ ಒಬ್ಬ ಆಟಗಾರನೂ ಇರಲಿಲ್ಲ. ರಿಯೋದಲ್ಲಿ ನಾಲ್ಕು, ಆಮೇಲೆ ಸೊನ್ನೆ, ಮತ್ತೆ ಸೊನ್ನೆ. ಅದೇ ಸಮಯದಲ್ಲಿ ಕುಟುಂಬ ಹಾಕಿಯ ತಂಡಗಳು ಮಾತ್ರ 400ರ ಹತ್ತಿರಕ್ಕೆ ಬಂದಿವೆ. ಅಡಿಪಾಯ ಅಗಲವಾಗ್ತಾ ಇದೆ, ಶಿಖರ ಸವೀತಾ ಇದೆ.

ಇದಕ್ಕೆ ಒಂದೇ ಕಾರಣ ಹೇಳುವುದು ತಪ್ಪಾಗುತ್ತೆ. ಒಡಿಶಾ, ಪಂಜಾಬ್, ಹರಿಯಾಣಗಳು ಹಾಕಿಗೆ ದುಡ್ಡು ಸುರಿದಿವೆ, ಅವರ ಮಕ್ಕಳು ಮುಂದೆ ಬಂದರು, ಒಳ್ಳೆಯದೇ. ಆದರೆ ಒಂದು ಕಾರಣ ಕಣ್ಣಿಗೆ ಹೊಡೆಯುವಂತಿದೆ: ನೆಲ. ಮಣ್ಣು, ಹುಲ್ಲಿನ ಮೈದಾನದಲ್ಲಿ ಚೆಂಡು ಯಾವಾಗ ಪುಟಿಯುತ್ತೆ ಹೇಳೋಕಾಗಲ್ಲ. ಅಲ್ಲಿ ಕೈಚಳಕ ಇದ್ದವನೇ ರಾಜ. ಟರ್ಫ್ ಮೇಲೆ ಚೆಂಡು ನೇರವಾಗಿ, ವೇಗವಾಗಿ ಬರುತ್ತೆ. ಅಲ್ಲಿ ಓಟ, ದಮ್ಮು, ಪಾಸಿಂಗ್, ಡ್ರ್ಯಾಗ್ ಫ್ಲಿಕ್ ಬೇಕು. ಒಲಿಂಪಿಕ್ಸ್‌ಗೆ ಟರ್ಫ್ ಬಂದಿದ್ದು 1976ರಲ್ಲಿ, ಮಾಂಟ್ರಿಯಲ್‌ನಲ್ಲಿ. ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದಿದ್ದ ಭಾರತ ಅಲ್ಲಿ ಏಳನೇ ಸ್ಥಾನಕ್ಕೆ ಕುಸಿಯಿತು. ಇಷ್ಟು ವರ್ಷ ಕಳೆದರೂ ಕೊಡಗಿನ ಬಹುಪಾಲು ಮಕ್ಕಳು ಮೊದಲು ಸ್ಟಿಕ್ ಹಿಡಿಯುವುದು ಮಣ್ಣಿನ ಮೇಲೆಯೇ. ಇಬ್ಬರು ಒಲಿಂಪಿಯನ್‌ಗಳನ್ನ ಕೊಟ್ಟ ಸೋಮವಾರಪೇಟೆಯಲ್ಲಿ ಟರ್ಫ್ ಮೈದಾನದ ಕಾಮಗಾರಿ ವರ್ಷಗಟ್ಟಲೆ ಎಳೆದಾಡಿತು. ಹದಿನೈದನೇ ವಯಸ್ಸಿನಲ್ಲಿ ಟರ್ಫ್ ಕಂಡವನು ಹತ್ತನೇ ವಯಸ್ಸಿನಲ್ಲಿ ಕಂಡವನ ಜೊತೆ ಪೈಪೋಟಿ ಮಾಡಬೇಕು. ಇದರಲ್ಲಿ ರಕ್ತದ ಮಾತು ಎಲ್ಲಿ ಬಂತು?

ಈಗ ನಾವಿರುವ ಊರುಗಳ ಕಡೆ ನೋಡೋಣ. ಇಲ್ಲಿ ಕಥೆ ತಲೆಕೆಳಗು. ಅಮೆರಿಕದಲ್ಲಿ ಬರೀ 'ಹಾಕಿ' ಅಂದರೆ ಐಸ್ ಹಾಕಿ. ನಮ್ಮ ಹಾಕಿಗೆ ಇಲ್ಲಿ 'ಫೀಲ್ಡ್ ಹಾಕಿ' ಅನ್ನಬೇಕು, ಅಂದ ತಕ್ಷಣ 'ಅದು ಹುಡುಗಿಯರ ಆಟ ಅಲ್ವಾ?' ಅಂತಾರೆ. 1901ರಲ್ಲಿ ಕಾನ್ಸ್ಟನ್ಸ್ ಆಪಲ್‌ಬೀ ಎಂಬ ಇಂಗ್ಲಿಷ್ ಮಹಿಳೆ ಇಲ್ಲಿನ ಮಹಿಳಾ ಕಾಲೇಜುಗಳಲ್ಲಿ ಈ ಆಟ ಹರಡಿದರು. 1972ರ ಟೈಟಲ್ ನೈನ್ ಕಾನೂನು ಬಂದ ಮೇಲೆ ಕಾಲೇಜುಗಳಲ್ಲಿ ಹುಡುಗಿಯರ ಕ್ರೀಡೆಗೆ ಸಮಾನ ಅವಕಾಶ ಕಡ್ಡಾಯವಾಯಿತು, ಹಾಕಿಗೂ ಸ್ಕಾಲರ್‌ಶಿಪ್, ಕೋಚ್, ಟರ್ಫ್ ಎಲ್ಲ ಬಂತು. ಫಲ ನಮ್ಮ ಕಣ್ಣೆದುರಿಗೇ ಇದೆ. ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯ 2023ರ ಹೊತ್ತಿಗೆ 11 ಬಾರಿ ರಾಷ್ಟ್ರೀಯ ಚಾಂಪಿಯನ್. ಅದರಲ್ಲಿ 10 ಗೆಲುವು ಕೋಚ್ ಕರೆನ್ ಶೆಲ್ಟನ್ ಕಾಲದ್ದು. ಅವರು ಸ್ವತಃ 1984ರ ಲಾಸ್ ಏಂಜಲೀಸ್‌ನಲ್ಲಿ ಕಂಚು ಗೆದ್ದ ಆಟಗಾರ್ತಿ. ಅವರ ಶಿಷ್ಯೆ ಎರಿನ್ ಮ್ಯಾಟ್ಸನ್ 22ನೇ ವಯಸ್ಸಿಗೆ ಅದೇ ತಂಡದ ಕೋಚ್ ಆಗಿ ಅದೇ ವರ್ಷ ಕಪ್ ಗೆದ್ದುಕೊಟ್ಟರು. ನಮ್ಮಲ್ಲಿ ಹಲವರಿಗಿಂತ ಚಿಕ್ಕ ವಯಸ್ಸು! ಡಿಸಿ ಪಕ್ಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ 8 ಬಾರಿ ಗೆದ್ದಿದೆ. ವೇಕ್ ಫಾರೆಸ್ಟ್ 2002ರಿಂದ 2004ರವರೆಗೆ ಸತತ ಮೂರು ಬಾರಿ.

ಅದೇ ದೇಶದ ಗಂಡಸರ ಹಾಕಿಗೆ ಈ ಏಣಿಯೂ ಇಲ್ಲ, ಅಡಿಪಾಯವೂ ಇಲ್ಲ. 1932ರ ಲಾಸ್ ಏಂಜಲೀಸ್‌ನಲ್ಲಿ ಭಾರತ ಅಮೆರಿಕವನ್ನ 24-1ರಿಂದ ಸೋಲಿಸಿತು. ಬಂದಿದ್ದೇ ಮೂರು ತಂಡ, ಹಾಗಾಗಿ ಎರಡೂ ಪಂದ್ಯ ಸೋತ ಅಮೆರಿಕಕ್ಕೆ ಕಂಚು! 1996ರ ಅಟ್ಲಾಂಟಾದಲ್ಲಿ ಆತಿಥೇಯರಾಗಿ ಆಡಿದವರು 12ನೇ, ಅಂದರೆ ಕೊನೆಯ ಸ್ಥಾನ ಪಡೆದರು. ಆ ಕ್ರೀಡಾಕೂಟದ ಹಾಕಿ ನಡೆದಿದ್ದು ಅಟ್ಲಾಂಟಾದ ಮಾರಿಸ್ ಬ್ರೌನ್ ಕಾಲೇಜಿನ ಹರ್ಂಡನ್ ಸ್ಟೇಡಿಯಂ ಮತ್ತು ಕ್ಲಾರ್ಕ್ ಅಟ್ಲಾಂಟಾ ವಿಶ್ವವಿದ್ಯಾಲಯದ ಮೈದಾನದಲ್ಲಿ. ಜಾರ್ಜಿಯಾ ಟೆಕ್‌ನಲ್ಲಿ ಇಂದಿಗೂ ವಾರ್ಸಿಟಿ ಹಾಕಿ ತಂಡ ಇಲ್ಲ. ಒಲಿಂಪಿಕ್ಸ್ ಬಂದು ಹೋಯಿತು, ಆಟ ಊರಲ್ಲಿ ಉಳಿಯಲಿಲ್ಲ.

ಎರಡೂ ಕಥೆ ಪಕ್ಕಪಕ್ಕ ಇಟ್ಟರೆ ನಮ್ಮ ಅಭಿಪ್ರಾಯ ಇಷ್ಟೇ: ಆಟಗಾರರನ್ನ ಹುಟ್ಟಿಸುವುದು ವ್ಯವಸ್ಥೆ. ಎಲ್ಲರನ್ನೂ ಆಡಿಸುವ ಮನಸ್ಸು ಕೊಡಗಿನಲ್ಲಿದೆ, ಮೇಲಕ್ಕೆ ಹತ್ತಿಸುವ ಸೌಕರ್ಯ ಕೆರೊಲಿನಾದಲ್ಲಿದೆ. ಎರಡನ್ನೂ ಹತ್ತಿರದಿಂದ ನೋಡಬಲ್ಲ ಜಾಗದಲ್ಲಿ ನಾವಿದ್ದೇವೆ. ಬರೀ ಹೆಸರು ಓದಿ ಚಪ್ಪಾಳೆ ತಟ್ಟಿ ಮನೆಗೆ ಹೋದರೆ ಈ ಜಾಗದಲ್ಲಿದ್ದು ಏನು ಪ್ರಯೋಜನ?

ಅದಕ್ಕೆ ಮೂರು ಸಲಹೆ.

ಮೊದಲನೆಯದು, ಡಿಸಿ, ಅಟ್ಲಾಂಟಾ, ಕೆರೊಲಿನಾದ ವಿದ್ಯಾರ್ಥಿ ಸಂಘಗಳು ಸೇರಿ ವರ್ಷಕ್ಕೊಂದು ದಿನ ಹಾಕಿ ಆಡೋಣ. ಕ್ರಿಕೆಟ್ ಬೇಡ ಅಂತಲ್ಲ. ಕ್ರಿಕೆಟ್ ಟೂರ್ನಮೆಂಟ್ ಅಂದರೆ ಹುಡುಗರು ಆಡೋದು, ಹುಡುಗಿಯರು ಪುಳಿಯೋಗರೆ ಡಬ್ಬಿ ಕಾಯೋದು ಅನ್ನೋ ಹಾಗಾಗಿರುತ್ತೆ. ಒಕ್ಕದ ನಿಯಮ ತಗೊಳ್ಳೋಣ: ಏಳು ಜನರ ತಂಡ, ಗಂಡು ಹೆಣ್ಣು ಕೂಡಿ, ಎಂದೂ ಆಡದವರಿಗೂ ಜಾಗ. ಒಂದು ಅಪಾರ್ಟ್‌ಮೆಂಟಿನವರು ಒಂದು ಒಕ್ಕ, ಒಂದು ಲ್ಯಾಬಿನವರು ಇನ್ನೊಂದು ಒಕ್ಕ. ಪ್ರತಿ ವರ್ಷ ಒಂದೊಂದು ಊರಿನ ಸಂಘದ ಆತಿಥ್ಯ, ಕಪ್ಪಿಗೂ ಅವರದ್ದೇ ಹೆಸರು. ಅಟ್ಲಾಂಟಾದಿಂದ ಶಾರ್ಲೆಟ್‌ಗೆ ಕಾರಿನಲ್ಲಿ ಸುಮಾರು ನಾಲ್ಕು ಗಂಟೆ, ದಾರಿಯೇನೂ ದೂರವಲ್ಲ.

ಎರಡನೆಯದು, ಕೊಡಗಿನ ಯಾವುದಾದರೂ ಒಂದು ಸರ್ಕಾರಿ ಶಾಲೆಯ ಜೊತೆ ನಂಟು ಇಟ್ಟುಕೊಳ್ಳೋಣ. ಟರ್ಫ್ ಹಾಸುವ ತಾಕತ್ತು ನಮಗಿಲ್ಲ, ಅದು ಸರ್ಕಾರದ ಕೆಲಸ, ಅದನ್ನ ಕೇಳುತ್ತಲೇ ಇರಬೇಕು. ಆದರೆ ಸ್ಟಿಕ್ಕು, ಶಿನ್ ಗಾರ್ಡು, ಒಬ್ಬ ಗೋಲ್‌ಕೀಪರ್‌ಗೆ ಪೂರ್ತಿ ಕಿಟ್ಟು ನಮ್ಮ ಕೈಗೆಟುಕುತ್ತೆ. ಒಬ್ಬ ಸ್ಟಾರ್ ಆಟಗಾರನಿಗೆ ಶಾಲು ಹೊದಿಸುವ ಬದಲು ಇಪ್ಪತ್ತು ಮಕ್ಕಳಿಗೆ ಸ್ಟಿಕ್ ಕೊಡಿಸೋಣ.

ಮೂರನೆಯದು ಸ್ವಲ್ಪ ಸೂಕ್ಷ್ಮ. ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು. ಅದು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು, ನಾವು ರಾಜ್ಯೋತ್ಸವ ಆಚರಿಸುವ ಅದೇ ದಿನ. ಕೊಡವ ತಕ್ಕ್ ಬೇರೆ ನುಡಿ, ಅದಕ್ಕೆ ಅದರದ್ದೇ ಹಾಡು, ಅದರದ್ದೇ ಹಬ್ಬ. ಪದಕ ಬಂದಾಗ 'ನಮ್ಮ ಕನ್ನಡಿಗ' ಅಂತ ಸ್ಟೇಟಸ್ ಹಾಕಿ, ಉಳಿದ ದಿನ ಆ ನುಡಿಯ ಒಂದು ಪದವೂ ಗೊತ್ತಿಲ್ಲದಿದ್ದರೆ ಅದೆಂಥ ನಂಟು? ಸಂಘದಲ್ಲಿರುವ ಕೊಡಗಿನ ಗೆಳೆಯ ಗೆಳತಿಯರಿಗೆ ವೇದಿಕೆ ಕೊಡೋಣ, ಅವರ ಮಾತಲ್ಲೇ ಅವರ ಆಟದ ಕಥೆ ಕೇಳೋಣ. ತುಳು, ಕೊಂಕಣಿ, ಬ್ಯಾರಿ ಆಡುವವರಿಗೂ ಇದೇ ಬಾಗಿಲು ತೆರೆಯಲಿ.

'ಓದು, ಇಂಟರ್ನ್‌ಶಿಪ್, ವೀಸಾ ಚಿಂತೆ ಇದರ ನಡುವೆ ಹಾಕಿ ಯಾರಿಗೆ ಬೇಕು?' ಅಂತ ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ನಾವಿಲ್ಲಿ ಇರುವುದು ಎರಡು ವರ್ಷ, ಆಮೇಲೆ ಯಾರು ಎಲ್ಲಿಗೋ. ಆದರೆ ಹೀಗೆ ಬಂದು ಹೋಗುವವರಿಗೇ ಸರದಿಯ ಪದ್ಧತಿ ಹೆಚ್ಚು ಬೇಕಾಗಿರೋದು. ನಾವು ಹೋದ ಮೇಲೂ ಮುಂದಿನ ಬ್ಯಾಚು ನಡೆಸಿಕೊಂಡು ಹೋಗಬಹುದಾದ ಒಂದು ಆಟವನ್ನ ಬಿಟ್ಟುಹೋದರೆ ಅದೇ ನಮ್ಮ ಪಾಲಿನ ಕೆಲಸ.

2028ಕ್ಕೆ ಲಾಸ್ ಏಂಜಲೀಸ್‌ನಲ್ಲಿ ಭಾರತ ಆಡಿದರೆ ನಮ್ಮಲ್ಲಿ ಹಲವರು ಟಿಕೆಟ್ ಕೊಳ್ಳೋದು ಖಂಡಿತ. ಆ ನೀಲಿ ಅಂಗಿಯಲ್ಲಿ ಕೊಡಗಿನ ಹುಡುಗ ಇರುತ್ತಾನೋ ಇಲ್ಲವೋ ನಮ್ಮ ಕೈಯಲ್ಲಿಲ್ಲ. ಅದರ ಮುಂದಿನ, ಅದರಾಚೆಗಿನ ಒಲಿಂಪಿಕ್ಸ್‌ಗೆ ಬರಬೇಕಾದ ಹುಡುಗ ಹುಡುಗಿಯರು ಈಗ ಮೂರನೇ ಕ್ಲಾಸು, ನಾಲ್ಕನೇ ಕ್ಲಾಸಿನಲ್ಲಿ ಇರುತ್ತಾರೆ. ಅವರಿಗೆ ಬೇಕಾಗಿರುವುದು ಸ್ಟಿಕ್ಕು ಮತ್ತು ನೆಲ. ಮುಂದಿನ ಸಂಘದ ಸಭೆಯಲ್ಲಿ ಈ ವಿಷಯ ಎತ್ತೋಣ. ಮೊದಲ ಆತಿಥ್ಯಕ್ಕೆ ನಮ್ಮ ಸಂಘವೇ ಕೈ ಎತ್ತಲಿ. ಏನಂತೀರಿ?