ಬೆಳ್ಳಿತೆರೆಯ ಮಾತು: ಕದ ಕಾಯ್ದವರ ಕಥೆ

ಸೆರೆಮನೆಯನ್ನು ಭೇದಿಸಿ ಒಳಗಿರುವವನನ್ನು ಬಿಡಿಸಿ ತರುವ ಕಥೆಗಳಿಗೆ ನಮ್ಮ ಚಿತ್ರಜಗತ್ತಿನಲ್ಲಿ ಬರವಿಲ್ಲ. ಎತ್ತರದ ಗೋಡೆ, ತೂಕಡಿಸುವ ಕಾವಲುಗಾರ, ಬೀಗದ ಕೈಗಳ ಗೊಂಚಲು, ಗೋಡೆಯಾಚೆ ಸಿದ್ಧವಾಗಿ ನಿಂತ ವಾಹನ, ಇಷ್ಟಿದ್ದರೆ ನಿರ್ಮಾಪಕನ ಅರ್ಧ ಚಿಂತೆ ತೀರಿದಂತೆಯೇ. ಬಿಡಿಸುವವನು ನಾಯಕ, ತಡೆಯುವವನು ಖಳ ಎಂಬುದು ರೂಢಿ. 2019ರ ದೀಪಾವಳಿಗೆ ತೆರೆಕಂಡ ತಮಿಳಿನ ‘ಕೈದಿ’ ಈ ರೂಢಿಯನ್ನು ತಲೆಕೆಳಗು ಮಾಡಿತು. ಅದರಲ್ಲಿ ಬಿಡಿಸಲು ಬರುವವರೇ ದುರುಳರು. ಕದವಿಕ್ಕಿ ಕಾಯುವವರು ನಮ್ಮ ಮೆಚ್ಚಿಗೆಗೆ ಪಾತ್ರರು.

ಕಥೆ ಒಂದೇ ರಾತ್ರಿಯದು. ಪೊಲೀಸರು 900 ಕಿಲೋ ಕೊಕೇನನ್ನು ವಶಪಡಿಸಿಕೊಂಡು ತಿರುಚಿರಾಪಳ್ಳಿಯ ಕಮಿಷನರ್ ಕಚೇರಿಯಲ್ಲಿ ಅಡಗಿಸಿದ್ದಾರೆ. ಕಳ್ಳಸಾಗಣೆಯ ಧಣಿಯೂ ಅಲ್ಲಿಯ ಲಾಕಪ್ಪಿನಲ್ಲೇ ಇದ್ದಾನೆ. ಇತ್ತ ಔತಣವೊಂದರಲ್ಲಿ ಮದ್ಯಕ್ಕೆ ವಿಷ ಬೆರೆಸಿದ್ದರಿಂದ ಅಧಿಕಾರಿಗಳ ತಂಡವೇ ಪ್ರಜ್ಞೆ ತಪ್ಪಿ ಬಿದ್ದಿದೆ. ಔಷಧಿ ಸೇವಿಸುತ್ತಿದ್ದ ಕಾರಣ ಕುಡಿಯದೆ ಉಳಿದವನು ಬಿಜೋಯ್ ಒಬ್ಬನೇ. ಆದರೆ ಅವನ ಕೈ ಗಾಯಗೊಂಡಿದೆ. ಲಾರಿ ನಡೆಸಲು ಅವನಿಗೆ ದೊರೆಯುವವನು ಹತ್ತು ವರ್ಷದ ಸೆರೆವಾಸ ಮುಗಿಸಿ, ಒಮ್ಮೆಯೂ ಕಾಣದ ಮಗಳನ್ನು ನೋಡಲು ಹೊರಟಿರುವ ದಿಲ್ಲಿ.

ಬಿಜೋಯ್ ಬೇಡುತ್ತಾನೆ, ಬೆದರಿಸುತ್ತಾನೆ, ಮಗಳ ಭವಿಷ್ಯದ ಆಸೆಯನ್ನೂ ಒಡ್ಡುತ್ತಾನೆ. ಶಿಕ್ಷೆಯ ಋಣ ತೀರಿಸಿ ಬಂದವನು ಮತ್ತೆ ಖಾಕಿಯ ಅಧೀನನೇ! ಚಿತ್ರದ ತಿರುಳಿರುವುದು ಇಲ್ಲಿ. ಸೆರೆಮನೆಯ ಬಾಗಿಲು ತೆರೆದ ಮಾತ್ರಕ್ಕೆ ಮನುಷ್ಯನಿಗೆ ಬಿಡುಗಡೆಯಾಗುವುದಿಲ್ಲ. ಹೊರಗಿನವರು ಅವನನ್ನು ನಂಬಿದಾಗ ಮಾತ್ರ ಆಗುತ್ತದೆ. ಕಾರ್ತಿಯವರು ಈ ಮಾತನ್ನು ಸಂಭಾಷಣೆಯಿಂದಲ್ಲ, ದೇಹದಿಂದ ಆಡಿ ತೋರಿಸಿದ್ದಾರೆ. ಸುತ್ತಲೂ ಗಂಡಾಂತರ ಕವಿದಿರುವಾಗ ಹಸಿದ ದಿಲ್ಲಿ ಬಿರಿಯಾನಿಗೆ ಕೈಯಿಕ್ಕುವ ರೀತಿ, ಹೊಡೆದಾಟಕ್ಕೆ ಮುನ್ನ ಹಣೆಗೆ ವಿಭೂತಿ ಬಳಿದುಕೊಳ್ಳುವ ರೀತಿ ಬಹುಕಾಲ ನೆನಪಿನಲ್ಲಿ ಉಳಿಯತಕ್ಕವು.

ಆದರೂ ಈ ಅಂಕಣದ ಹೂಮಾಲೆ ಸಲ್ಲಬೇಕಾದುದು ಜಾರ್ಜ್ ಮರಿಯನ್ ಅವರ ಕಾನ್‌ಸ್ಟೆಬಲ್ ನೆಪೋಲಿಯನ್ನನಿಗೆ. ಹೆಸರು ಚಕ್ರವರ್ತಿಯದು, ಹುದ್ದೆ ಕಡೆಯದು. ವರ್ಗವಾಗಿ ಬಂದು ಹಾಜರಾಗುವಷ್ಟರಲ್ಲಿ ಇಡೀ ಕಚೇರಿಯ ಹೊಣೆ ಅವನ ಹೆಗಲೇರುತ್ತದೆ. ಅವನಿಗೆ ನೆರವಾಗುವವರು ಆ ರಾತ್ರಿ ಠಾಣೆಯಲ್ಲಿ ಸಿಕ್ಕಿಬಿದ್ದ ಕೆಲವು ವಿದ್ಯಾರ್ಥಿಗಳು. ದೊಡ್ಡವರು ಮಲಗಿರುವಾಗ ಧರ್ಮವನ್ನು ಕಾಯುವವರು ಸಣ್ಣವರೇ ಎಂಬುದನ್ನು ಈ ಭಾಗ ಉಪದೇಶವಿಲ್ಲದೆ ಹೇಳುತ್ತದೆ.

ಹಾಡಿಲ್ಲ, ಕುಣಿತವಿಲ್ಲ, ನಾಯಕಿಯೂ ಇಲ್ಲ. ಇದೇನು ಹೊಸ ಸಾಹಸವೆಂದು ಕೇಳುವವರಿಗೆ, ಎಸ್. ಬಾಲಚಂದರ್ ಅವರು 1954ರಲ್ಲೇ ‘ಅಂದ ನಾಳ್’ ಚಿತ್ರವನ್ನು ಹಾಡಿಲ್ಲದೆ ತೆಗೆದರೆಂದು ನೆನಪಿಸಬೇಕು. ಅಂತೆಯೇ ಕೈದಿಯ ಒಳ್ಳೆಯತನವನ್ನು ನಂಬುವ ಕಥೆಯೂ ಹೊಸದಲ್ಲ. ಶಾಂತಾರಾಮರ ‘ದೋ ಆಂಖೇಂ ಬಾರಹ್ ಹಾಥ್’ 1957ರಲ್ಲಿ ಅದನ್ನು ಹೇಳಿತು, 1975ರಲ್ಲಿ ಎಂ.ಜಿ.ಆರ್. ಅವರ ‘ಪಲ್ಲಾಂಡು ವಾಳ್ಗ’ ಅದನ್ನೇ ತಮಿಳಿಗೆ ತಂದಿತು. ಅಲ್ಲಿ ಜೈಲರನು ಕೈದಿಗಳನ್ನು ನಂಬಿ ಗೆದ್ದನು. ಇಲ್ಲಿ ಪೊಲೀಸನು ಗತ್ಯಂತರವಿಲ್ಲದೆ ನಂಬುತ್ತಾನೆ. ಎರಡು ಕಾಲಗಳ ಅಂತರ ಇಷ್ಟರಲ್ಲೇ ತಿಳಿಯುತ್ತದೆ.

ದೋಷವಿಲ್ಲವೆಂದಲ್ಲ. ಕೊನೆಗೆ ಯಂತ್ರದ ಬಂದೂಕು ಗರ್ಜಿಸತೊಡಗಿದಾಗ, ಅಲ್ಲಿಯವರೆಗೆ ಮನುಷ್ಯನಾಗಿದ್ದ ದಿಲ್ಲಿ ಸಿಡಿಲಾಗಿಬಿಡುತ್ತಾನೆ. ರಕ್ತವೂ ಬೇಕಾದುದಕ್ಕಿಂತ ಹೆಚ್ಚಾಗಿಯೇ ಹರಿದಿದೆ; ಎಳೆಯ ಮಕ್ಕಳೊಡನೆ ನೋಡತಕ್ಕ ಚಿತ್ರ ಇದಲ್ಲ.

ಇದು ಲೋಕೇಶ್ ಕನಕರಾಜರ ಎರಡನೆಯ ಚಿತ್ರ. 2023ರಲ್ಲಿ ಇದೇ ಕಥೆ ‘ಭೋಲಾ’ ಎಂಬ ಹೆಸರಿನಿಂದ ಹಿಂದಿಗೂ ಹೋಯಿತು. ‘ಕೈದಿ’ ಎಂಬ ಮಾತು ತಮಿಳಿಗೂ ಕನ್ನಡಕ್ಕೂ ಒಂದೇ. ಆ ಮಾತಿನ ಹಿಂದೆ ಒಬ್ಬ ತಂದೆಯಿರಬಹುದೆಂಬ ಅರಿವು ಎರಡು ಭಾಷೆಯವರಿಗೂ ಒಂದೇ ಆಗಲಿ.