ಬಾಗಿಲು ಮುಚ್ಚಿದವರು ಯಾರು?

ಕನ್ನಡದಲ್ಲಿ ಓದಿದ ಮಗುವಿಗೆ ಮುಂದೆ ದಾರಿಯಿಲ್ಲವೆಂಬ ಮಾತು ರಾಯದುರ್ಗ, ಮಡಕಶಿರಾ ಸೀಮೆಗಳಲ್ಲಿ ಎಲ್ಲರ ಬಾಯಲ್ಲಿಯೂ ಇದೆ. ತಂದೆತಾಯಿಗಳು ಹೀಗೆ ಹೇಳಿದರೆ ನಾವು ನೊಂದುಕೊಳ್ಳಬಹುದು. ಉಪಾಧ್ಯಾಯರಾದ ನಾವೇ ಅದಕ್ಕೆ ಹೌದೆಂದು ತಲೆಯಾಡಿಸಿದರೆ ಅದಕ್ಕಿಂತ ನಾಚಿಕೆಗೇಡು ಬೇರೊಂದಿಲ್ಲ. ದಾರಿಯನ್ನು ಮುಚ್ಚಿದ್ದು ಕನ್ನಡವೆ? ವಿಚಾರಿಸಿ ನೋಡೋಣ.

1945ರಲ್ಲಿ ಬಳ್ಳಾರಿಯಲ್ಲಿ ವೀರಶೈವ ಕಾಲೇಜು ಪ್ರಾರಂಭವಾದಾಗ ರಾಯದುರ್ಗವು ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ರಾಯದುರ್ಗವು ಅನಂತಪುರಕ್ಕೆ ಸಂದಿತು; ತನ್ನ ಜಿಲ್ಲೆಯ ಕಾಲೇಜು ಎಂಟೇ ವರ್ಷಗಳಲ್ಲಿ ಪರರಾಜ್ಯದ ಕಾಲೇಜಾಯಿತು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಇಂದಿನ ಹೇಮಾವತಿ, ಇರುವುದು ಮಡಕಶಿರಾ ಸೀಮೆಯಲ್ಲಿ. ಆ ಮಡಕಶಿರಾ 2022ರಲ್ಲಿ ಅನಂತಪುರವನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗೆರೆಗಳು ಬದಲಾದುವು, ಮಕ್ಕಳ ಮನೆಮಾತು ಬದಲಾಗಲಿಲ್ಲ.

1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಬೋಧನೆಯ ಸೌಕರ್ಯವನ್ನು ಹೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಅದರಾಚೆಗೆ ಏನು? 2021ರಲ್ಲಿ ಆಂಧ್ರಪ್ರದೇಶದ ಪದವಿ ತರಗತಿಗಳನ್ನೆಲ್ಲ ಇಂಗ್ಲಿಷು ಮಾಧ್ಯಮಕ್ಕೆ ತಿರುಗಿಸುವ ತೀರ್ಮಾನವಾಯಿತು. ಕನ್ನಡದ ಮಗು ಅಲ್ಲಿಗೆ ದಾಟುವುದಕ್ಕೆ ಸೇತುವೆಯನ್ನು ಕಟ್ಟಿದವರು ಯಾರು?

ನಮ್ಮಲ್ಲಿ ಅಕ್ಷರ ಕಲಿತು, ಹತ್ತನೆಯ ತರಗತಿಯನ್ನು ಕನ್ನಡದಲ್ಲಿ ಮುಗಿಸಿದ ಹುಡುಗಿಯೊಬ್ಬಳು ಕಾಲೇಜು ಸೇರಿ ಮೂರು ತಿಂಗಳಿಗೆ ಮನೆಗೆ ಹಿಂದಿರುಗಿದಳು. ದ್ಯುತಿಸಂಶ್ಲೇಷಣೆಯನ್ನು ಚೆನ್ನಾಗಿ ಬಲ್ಲವಳು. ಫೋಟೊಸಿಂಥೆಸಿಸ್ ಎಂದರೆ ಅದೇ ಎಂದು ಹೇಳುವವರು ಅಲ್ಲಿರಲಿಲ್ಲ. ಇಂಗ್ಲಿಷು ತಿಳಿಯದವರಿಗೆ ತೆಲುಗಿನಲ್ಲಿ ವಿವರಣೆ ದೊರೆಯಿತು. ಇವಳು ಸಂತೆಯ ತೆಲುಗನ್ನು ಬಲ್ಲಳು, ಪುಸ್ತಕದ ತೆಲುಗನ್ನು ಅರಿಯಳು. ಇವಳಲ್ಲಿ ಕೊರತೆಯಾದುದು ಬುದ್ಧಿಯೋ, ಒಂದು ಮೆಟ್ಟಿಲೋ?

ಹಾಗಾದರೆ ಒಂದನೆಯ ತರಗತಿಯಿಂದಲೇ ಕನ್ನಡವನ್ನು ಬಿಡಿಸಿರಿ ಎನ್ನುವರು ಕೆಲವರು. ಮೇಲೊಂದು ಮೆಟ್ಟಿಲಿಲ್ಲವೆಂದು ಕೆಳಗಿನ ಹತ್ತನ್ನೂ ಕಿತ್ತೊಗೆಯುವುದು ಯಾವ ಜಾಣತನ? ನಮಗೆ ತೆಲುಗಿನ ಮೇಲಾಗಲಿ ಇಂಗ್ಲಿಷಿನ ಮೇಲಾಗಲಿ ದ್ವೇಷವಿಲ್ಲ. ಇಲ್ಲದ ಮೆಟ್ಟಿಲನ್ನು ಕಟ್ಟಿರಿ ಎಂಬುದಷ್ಟೇ ನಮ್ಮ ವಾದ.

ಇದೇನೂ ಆಗದ ಮಾತಲ್ಲ. ಅಮೆರಿಕೆಯ ಜೋಲಿಯೆಟ್ ಊರಿನಲ್ಲಿ 1901ರಲ್ಲಿ ಪ್ರೌಢಶಾಲೆಯೊಂದರ ಸೂರಿನಡಿಯಲ್ಲಿಯೇ ಆರು ಮಂದಿ ವಿದ್ಯಾರ್ಥಿಗಳಿಗೆ ಕಾಲೇಜಿನ ಪಾಠ ಪ್ರಾರಂಭವಾಯಿತು. ಮೊದಲ ಎರಡು ವರ್ಷಗಳನ್ನು ಊರಿನಲ್ಲಿಯೇ ಓದಿ, ಬಳಿಕ ವಿಶ್ವವಿದ್ಯಾನಿಲಯಕ್ಕೆ ಹೋಗುವ ಏರ್ಪಾಡು ಅದು. ಅಲ್ಲಿನ ಸಮುದಾಯ ಕಾಲೇಜುಗಳ ಮೂಲ ಅದೇ. ನಮ್ಮ ದೇಶದಲ್ಲಿಯೂ ಪುದುಚೇರಿ ವಿಶ್ವವಿದ್ಯಾನಿಲಯವು 1995ರಲ್ಲಿ ಇಂತಹ ಕಾಲೇಜನ್ನು ತೆರೆಯಿತು. ಹತ್ತಿರವಿರುವುದು, ಅಗ್ಗವಾಗಿರುವುದು, ಬಂದವರ ಕೊರತೆಯನ್ನು ತುಂಬಿ ಮುಂದಕ್ಕೆ ಕಳುಹಿಸುವುದು: ಸಮುದಾಯ ಕಾಲೇಜಿನ ತತ್ತ್ವ ಇಷ್ಟೇ.

ನಾವು ಹೊಸ ಕಟ್ಟಡಗಳನ್ನು ಬೇಡುತ್ತಿಲ್ಲ. ನಮ್ಮೆರಡು ಊರುಗಳಲ್ಲಿ ಈಗಿರುವ ಸರ್ಕಾರಿ ಕಾಲೇಜುಗಳಲ್ಲಿಯೇ ಕನ್ನಡದ ಮಕ್ಕಳಿಗಾಗಿ ಒಂದು ವರ್ಷದ ಸೇತುವೆ ತರಗತಿ ನಡೆಯಲಿ. ಕನ್ನಡ, ತೆಲುಗು, ಇಂಗ್ಲಿಷು ಪದಗಳನ್ನು ಜೊತೆಯಾಗಿ ಕಲಿಸುವ ಅಧ್ಯಾಪಕರೊಬ್ಬರಿರಲಿ. ರಾಯದುರ್ಗದ ಉಡುಪು ಹೊಲಿಗೆ, ಮಡಕಶಿರಾದ ರೇಷ್ಮೆ ಸಾಕಣೆ ಇವುಗಳಿಗೂ ಅಲ್ಲಿ ಕ್ರಮವಾದ ಶಿಕ್ಷಣ ದೊರೆಯಲಿ.

ನಮ್ಮ ತಪ್ಪನ್ನೂ ನಾವು ಒಪ್ಪಬೇಕು. ಕರ್ನಾಟಕದ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರಿಗೆ ಅರ್ಹತೆಯ ನಿಯಮವೊಂದುಂಟು. ಅದಕ್ಕೆ ಕನ್ನಡ ಪರೀಕ್ಷೆಯೂ ಉಂಟು. ಈ ಸಂಗತಿಯನ್ನು ನಮ್ಮಲ್ಲಿ ಎಷ್ಟು ಮಂದಿ ಉಪಾಧ್ಯಾಯರು ಮಕ್ಕಳಿಗೆ ತಿಳಿಸಿದ್ದೇವೆ? ತೆರೆದ ಬಾಗಿಲನ್ನು ತೋರಿಸದವನು, ಮುಚ್ಚಿದ ಬಾಗಿಲನ್ನು ಕುರಿತು ದೂರುವುದು ಸಲ್ಲದು.

ಸರ್ಕಾರಕ್ಕೆ ಮನವಿ ಹೋಗಲಿ. ಅದರ ಜೊತೆಯಲ್ಲಿಯೇ ಪ್ರತಿ ಶಾಲೆಯಲ್ಲಿಯೂ ವಾರಕ್ಕೊಂದು ಸಂಜೆ ಮೂರು ಭಾಷೆಗಳ ಪದಪಾಠ ಪ್ರಾರಂಭವಾಗಲಿ. ಜೋಲಿಯೆಟ್ಟಿನಲ್ಲಿ ಆರು ಮಂದಿ ಸಾಕಾದರು. ನಮ್ಮಲ್ಲಿ ಆರು ಮಂದಿ ಇಲ್ಲವೆ?